ಮೀನು ಮುಟ್ಟದವಳ ವಾಸನೆ

ಸಾಧನಾಳ ಮೈಯಿಂದ ಮೀನಿನ ವಾಸನೆ ಬರುತ್ತದೆ ಎಂದು ಅವಳ ಎದುರಿಗೇ ಹೇಳಿದವರು ಅತ್ತೆ ಮನೋರಮಾ. ಅವಳು ಬೆಳ್ತಂಗಡಿಯ ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬುತ್ತ ಬಂದಿತ್ತು. ಜೈನರ ದಶಲಕ್ಷಣ ಪರ್ವದ ದಿನಗಳು. ಮಾವ ತೀರಿಕೊಂಡ ಮೇಲೆ ಬಸದಿಯ ಉಸ್ತುವಾರಿ ಮನೋರಮಾ ಅವರದೇ. ಅಂದು ಅಭಿಷೇಕ ಮುಗಿಸಿ ಮನೆಗೆ ಬಂದವರು ಸೊಸೆಯನ್ನು ಅಡುಗೆಮನೆಗೆ ಕರೆದರು.

"ನೀನು ಹೊರಗೆ ಎಲ್ಲಿಯಾದ್ರೂ ತಿಂತೀಯಾ?"

"ಇಲ್ಲ ಅತ್ತೆ. ಶಾಲೆಗೆ ಬುತ್ತಿ ಕಟ್ಟಿಕೊಡುವುದು ನೀವೇ ಅಲ್ಲವಾ?"

"ಹಾಗಾದ್ರೆ ಇದು ಎಂತ ವಾಸನೆ? ಮೀನಿನದ್ದು. ಬಸದಿಯಲ್ಲಿ ನಿನ್ನ ಹತ್ತಿರ ಕೂತವರು ಎದ್ದು ಆಚೆ ಹೋದ್ರು. ನಾನು ನೋಡ್ತಾ ಇದ್ದೆ."

ಸಾಧನಾ ತನ್ನ ಮುಂಗೈ ಮೂಸಿ ನೋಡಿದಳು. ಸಾಬೂನಿನ ವಾಸನೆ ಬಿಟ್ಟರೆ ಅವಳಿಗೆ ಇನ್ನೇನೂ ತಿಳಿಯಲಿಲ್ಲ. ಮೀನು ಹೇಗಿರುತ್ತದೆಂದು ದೂರದಿಂದ ನೋಡಿ ಗೊತ್ತಿತ್ತೇ ಹೊರತು, ಹುಟ್ಟಿದಂದಿನಿಂದ ಅದನ್ನು ಮುಟ್ಟಿದವಳಲ್ಲ. ಶಿರ್ತಾಡಿಯ ಅವಳ ತವರಿನಲ್ಲಿ ಬಟಾಟೆ, ನೀರುಳ್ಳಿಯೂ ಒಳಗೆ ಬರುತ್ತಿರಲಿಲ್ಲ.

"ನನಗೆ ಬರ್ತಾ ಇಲ್ಲ ಅತ್ತೆ."

"ನಿನಗೆ ಬರ್ತಾ ಇಲ್ಲ. ಉಳಿದವರಿಗೆಲ್ಲ ಬರ್ತಾ ಉಂಟು," ಎಂದು ಮನೋರಮಾ ಪಾತ್ರೆಗಳ ಕಡೆ ತಿರುಗಿದರು. ಅವರು ಜಗಳಗಂಟಿಯಲ್ಲ. ಆದರೆ ಮರುದಿನ ಬಸದಿಗೆ ಹೊರಡುವಾಗ ಸೊಸೆಯನ್ನು ಕರೆಯಲಿಲ್ಲ. ಸಾಧನಾ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಳು. ಅತ್ತೆ ಅವಳನ್ನು ದಾಟಿಕೊಂಡು ಹೋದರು.

ಸಾಧನಾ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಳು ಬಂದದ್ದು ನಿಜ. ಅಳು ನಿಂತ ಮೇಲೆ, ಇದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಸ್ಟಾಫ್‌ರೂಮಿನಲ್ಲಿ ತನ್ನ ಕುರ್ಚಿಯ ಪಕ್ಕದ ಕಿಟಕಿಯನ್ನು ಯಾರಾದರೂ ಬಂದು ತೆರೆಯುತ್ತಿದ್ದುದು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದುದು, ಅದಕ್ಕೆಲ್ಲ ಈಗ ಅರ್ಥ ಸಿಕ್ಕಿತ್ತು. ಆದರೆ ಶಿರ್ತಾಡಿಯಲ್ಲಿದ್ದಾಗ ಯಾರೂ ಹಾಗೆ ಮಾಡಿದ ನೆನಪಿರಲಿಲ್ಲ. ಮೂಡುಬಿದಿರೆಯಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರು ಒಂದೇ ಚಾಪೆಯಲ್ಲಿ ಮಲಗಿದ್ದರು. ಅಂದಮೇಲೆ ಇದು ಹೊಸತು.

ಗಂಡ ಅರಿಹಂತ್‌ನನ್ನು ಕೇಳಿದಳು. ಅವನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೆದು ಸ್ವಭಾವ.

"ನಿಜ ಹೇಳಿ. ನಿಮಗೂ ಬರ್ತದಾ?"

"ಕೆಲವು ದಿನ. ಎಲ್ಲ ದಿನ ಇಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುವುದು ಮಾರಾಯ್ತಿ? ನೀನೇ ಹೇಳು, ಹೇಗೆ ಹೇಳುವುದು?"

ಅಂದಿನಿಂದ ಅವನ ಮೂಗೇ ಅವಳಿಗೆ ತಕ್ಕಡಿಯಾಯಿತು. ಸಾಬೂನು ಬದಲಿಸಿದಳು, ತಲೆಗೆ ಹಾಕುವ ಎಣ್ಣೆ ಬದಲಿಸಿದಳು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಕುದಿಸಿದಳು. ಒಂದು ಸಲಕ್ಕೆ ಒಂದೇ ಸಂಗತಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ? ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಅರಿಹಂತ್ "ಇವತ್ತು ಉಂಟು" ಅಥವಾ "ಇವತ್ತು ಇಲ್ಲ" ಎಂದು ಸಂಕೋಚದಿಂದ ಹೇಳಿ ಹೋಗುತ್ತಿದ್ದ. ಯಾವುದಕ್ಕೂ ತಾಳ ಮೇಳ ಇರಲಿಲ್ಲ. ಮಂಗಳೂರಿನ ಚರ್ಮದ ಡಾಕ್ಟರು ಪುಡಿಯೊಂದನ್ನು ಬರೆದುಕೊಟ್ಟು, ಹೆಚ್ಚು ಯೋಚನೆ ಮಾಡಬೇಡಿ ಎಂದರು.

ಹಾಗಿರುವಾಗ ಹಸ್ನಾ ಬಂದಳು.

ಹಸ್ನಾ ಫರಂಗಿಪೇಟೆಯವಳು, ಸಾಧನಾಳ ಹಾಸ್ಟೆಲ್ ಗೆಳತಿ. ಈಗ ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕುಟುಂಬಗಳ ರಕ್ತ ಸಂಗ್ರಹಿಸುವುದು ಅವಳ ತಂಡದ ಕೆಲಸ. ಒಂದು ಭಾನುವಾರ ಸಾಧನಾಳ ಶಾಲೆಯ ಹಾಲಿನಲ್ಲೇ ಶಿಬಿರವಿತ್ತು. ಅರಿಹಂತ್‌ನನ್ನೂ ಎಳೆದುಕೊಂಡು ಸಾಧನಾ ಹೋದಳು.

"ಈ ರಕ್ತದಲ್ಲಿ ನೀವು ಹುಡುಕುವುದು ಎಂತ?" ತೋಳು ಚಾಚಿ ಕುಳಿತ ಅರಿಹಂತ್ ಕೇಳಿದ.

"ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಉಂಟಲ್ಲ ಅಣ್ಣಾ, ನಾವು ತಿಂದದ್ದರಲ್ಲಿ ಅವೂ ಪಾಲು ತಿನ್ತವೆ," ಎಂದಳು ಹಸ್ನಾ, ಸೂಜಿಯ ಮೇಲೆ ಕಣ್ಣಿಟ್ಟು. "ತಿಂದು ಅವು ಏನೇನೋ ತಯಾರು ಮಾಡಿ ಬಿಡ್ತವೆ. ಅದು ನಮ್ಮ ರಕ್ತಕ್ಕೆ ಬರ್ತದೆ. ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ಯಾಕೆ ಹಾಗೆ ಅಂತ ನೋಡುವುದು. ತಿನ್ನುವ ಊಟದಿಂದಲಾ, ಇರುವ ಜಾಗದಿಂದಲಾ, ಇಲ್ಲಾ ಅಪ್ಪ-ಅಮ್ಮನಿಂದ ಬಂದ ಗುಣದಿಂದಲಾ ಅಂತ."

"ಗೊತ್ತಾಯಿತಾ ಹಾಗಾದ್ರೆ?"

"ಗೊತ್ತಾಗಿದ್ದಿದ್ರೆ ನಾನ್ಯಾಕೆ ಭಾನುವಾರ ಇಲ್ಲಿ ಬಂದು ನಿಮ್ಮ ರಕ್ತ ತೆಗೀತಿದ್ದೆ?"

ಮೂವರೂ ನಕ್ಕರು. ಹಸ್ನಾ ಅವರವರ ಊಟದ ಬಗ್ಗೆ ವಿವರವಾಗಿ ಕೇಳಿದಳು, ತನ್ನ ಫೋನಿನಲ್ಲಿ ತುಂಬಿಸಿಕೊಂಡಳು. ಗಂಡ ಹೆಂಡತಿ ತಿನ್ನುವುದು ಒಂದೇ. ವಾಸನೆಯ ವಿಷಯ ಸಾಧನಾಳ ನಾಲಗೆಯ ತುದಿಯವರೆಗೆ ಬಂದು ಹಿಂದೆ ಹೋಯಿತು. ಗೆಳತಿಯಾದರೂ ಹೇಳಲು ನಾಚಿಕೆಯಾಯಿತು.

ತಿಂಗಳುಗಳು ಕಳೆದವು. ಒಂದು ಸಂಜೆ ಹಸ್ನಾಳ ಫೋನು ಬಂತು. ಯಾವಾಗಲೂ ತಮಾಷೆಯಿಂದ ಶುರುಮಾಡುವವಳ ದನಿ ಅಂದು ಎಚ್ಚರಿಕೆಯಿಂದ ಕೂಡಿತ್ತು.

"ಸಾಧನಾ, ಒಂದು ಕೇಳ್ತೇನೆ. ಬೇಜಾರು ಮಾಡ್ಬಾರದು."

"ಕೇಳು."

"ನಿನ್ನ ಮೈಯಿಂದ ಯಾವಾಗಲಾದ್ರೂ ಮೀನಿನ ವಾಸನೆ ಬರ್ತದಾ?"

ಸಾಧನಾ ಹಾಗೆಯೇ ಮೆಟ್ಟಿಲ ಮೇಲೆ ಕುಳಿತಳು. "ನಿನಗೆ ಯಾರು ಹೇಳಿದ್ದು? ಅತ್ತೆ ಹೇಳಿದ್ರಾ?"

"ಯಾರೂ ಹೇಳಲಿಲ್ಲ. ನಿನ್ನ ರಕ್ತ ಹೇಳಿತು."

ಹಸ್ನಾ ನಿಧಾನವಾಗಿ ಬಿಡಿಸಿ ಹೇಳಿದಳು. ಕಡಲೆ, ಸೋಯಾ, ಶೇಂಗಾ, ಮೊಟ್ಟೆ ಇಂಥವನ್ನು ತಿಂದಾಗ ಕರುಳಿನ ಕೆಲವು ಜೀವಿಗಳು ಒಂದು ವಸ್ತುವನ್ನು ತಯಾರಿಸುತ್ತವೆ. ಹೆಸರು ಟ್ರೈಮೀಥೈಲಮೀನ್. ಸತ್ತ ಮೀನು ನಾರುವುದೂ ಅದರಿಂದಲೇ. ಅದು ಎಲ್ಲರ ಹೊಟ್ಟೆಯಲ್ಲೂ ಹುಟ್ಟುತ್ತದೆ. ಆದರೆ ರಕ್ತದೊಡನೆ ಲಿವರಿಗೆ ಹೋದೊಡನೆ ಅಲ್ಲಿಯ ಒಂದು ಕಿಣ್ವ ಅದನ್ನು ವಾಸನೆಯಿಲ್ಲದ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ.

"ನಿನ್ನ ಗಂಡನ ರಕ್ತದಲ್ಲಿ ಆ ವಾಸನೆ ಇಲ್ಲದ ವಸ್ತು ಚೆನ್ನಾಗಿ ಉಂಟು. ನಿನ್ನದರಲ್ಲಿ ಇಲ್ಲ ಅಂತಲೇ ಹೇಳಬೇಕು. ಒಂದೇ ಅಡುಗೆ ತಿನ್ನುವವರು ನೀವು. ಮೊದಲು ಪರೀಕ್ಷೆಯೇ ತಪ್ಪಾಯಿತು ಅಂತ ಮಾಡಿದೆ. ಪುನಃ ಮಾಡಿಸಿದೆ. ಹಾಗೇ ಬಂತು. ಆಮೇಲೆ ನಮ್ಮ ಸರ್ ಹೇಳಿದ್ರು, ಆ ಹುಡುಗಿಯ ಹತ್ತಿರ ವಾಸನೆಯ ವಿಷಯ ಕೇಳಿ ನೋಡು ಅಂತ."

"ಶಿಬಿರದ ದಿನ ನಿನಗೆ ಗೊತ್ತಾಗಲಿಲ್ಲವಾ?"

"ಬಂದಿತ್ತು ಮಾರಾಯ್ತಿ. ನನ್ನ ಬುತ್ತಿಯದ್ದೇ ಅಂತ ಮಾಡಿದೆ! ಬೆಳಿಗ್ಗೆ ನಮ್ಮ ಉಮ್ಮ ಬಂಗುಡೆ ಮೀನು ಹುರಿದು ಕಟ್ಟಿ ಕೊಟ್ಟಿದ್ರು."

ಸಾಧನಾಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ದಿನಾ ಮೀನು ತಿನ್ನುವ ಹಸ್ನಾಳಿಗೆ ವಾಸನೆಯಿಲ್ಲ. ಮೀನು ಮುಟ್ಟದ ತನಗೆ ಉಂಟು.

"ಆದ್ರೆ ಹಸ್ನಾ, ಶಿರ್ತಾಡಿಯಲ್ಲಿ ಇರುವಾಗ ಯಾಕೆ ಇರಲಿಲ್ಲ?"

"ಅದನ್ನು ನೀನೇ ಹೇಳಬೇಕು. ಅಲ್ಲಿ ಎಂತ ತಿಂತಿದ್ದೆ?"

ಸಾಧನಾ ಯೋಚಿಸಿದಳು. ಅವಳ ಅಪ್ಪ ಶಾಂತಿಪ್ರಸಾದರಿಗೆ ಬೇಳೆಕಾಳು ತಿಂದರೆ ಹೊಟ್ಟೆಯುಬ್ಬರ. ಅದರಿಂದಾಗಿ ಆ ಮನೆಯಲ್ಲಿ ಗಂಜಿ, ಸೌತೆಯ ಹುಳಿ, ಬಸಳೆ, ತಂಬುಳಿ, ಮಜ್ಜಿಗೆ, ಇಷ್ಟೇ. ಅಭ್ಯಾಸವಿಲ್ಲದ್ದರಿಂದ ಹಾಸ್ಟೆಲಿನಲ್ಲೂ ಅವಳು ಕಾಳಿನ ಪದಾರ್ಥ ಮುಟ್ಟುತ್ತಿರಲಿಲ್ಲ. ಬೆಳ್ತಂಗಡಿಯ ಮನೆಯಲ್ಲೋ ದಿನಾ ತೆಂಗಿನಕಾಯಿ ಅರೆದು ಮಾಡಿದ ಒಂದು ಕಾಳಿನ ಗಸಿ. ಜಿಮ್ಮಿಗೆ ಹೋಗುವ ಅರಿಹಂತ್‌ನಿಗಾಗಿ ಸೋಯಾ, ಶೇಂಗಾ ಚಟ್ನಿ. ಪರ್ವದ ದಿನಗಳಲ್ಲಿ ಮನೋರಮಾ ಹಸಿರು ಸೊಪ್ಪು ತರಕಾರಿ ಬಿಡುತ್ತಿದ್ದರು, ಆಗ ಮೂರು ಹೊತ್ತೂ ಕಾಳು. ವ್ರತ ಕಟ್ಟುನಿಟ್ಟಾದಷ್ಟೂ ವಾಸನೆ ಹೆಚ್ಚಿತ್ತು.

ಸರಿಯಾದ ಪರೀಕ್ಷೆ ಆಮೇಲೆ ನಡೆಯಿತು. ಕಡಲೆ, ಸೋಯಾ ಚೆನ್ನಾಗಿ ತಿಂದು ಮೂತ್ರ ಕೊಟ್ಟಳು. ವಂಶವಾಹಿಯ ಪರೀಕ್ಷೆಗೆ ಮತ್ತೊಮ್ಮೆ ರಕ್ತ ಕೊಟ್ಟಳು. ಸಂಶಯ ಉಳಿಯಲಿಲ್ಲ. ಆ ಕಿಣ್ವವನ್ನು ಮಾಡಿಸುವ ವಂಶವಾಹಿಯ ಎರಡು ಪ್ರತಿಗಳಲ್ಲೂ, ಅಪ್ಪನಿಂದ ಬಂದದ್ದರಲ್ಲೂ ಅಮ್ಮನಿಂದ ಬಂದದ್ದರಲ್ಲೂ, ಒಂದೇ ದೋಷವಿತ್ತು.

ಮನೋರಮಾ ಇದನ್ನೆಲ್ಲ ಕೇಳಿಸಿಕೊಂಡರು. ನಂಬಲಿಲ್ಲ.

"ನಾನು ಮಾಡಿದ ಕಡಲೆ ಗಸಿ ಇವಳ ಹೊಟ್ಟೆಗೆ ಹೋಗಿ ಮೀನಾಗ್ತದಾ?"

"ಮೀನಾಗುವುದಿಲ್ಲ ಅಮ್ಮ," ಎಂದ ಅರಿಹಂತ್. "ವಾಸನೆ ಮಾತ್ರ."

"ರಿಪೋರ್ಟು ಇರಲಿ. ನನಗೆ ನನ್ನ ಮೂಗು ಉಂಟು. ನಾನೇ ನೋಡ್ತೇನೆ."

ಮರುದಿನದಿಂದ ಆ ಮನೆಯ ಅಡುಗೆ ಬದಲಾಯಿತು. ಮನೋರಮಾ ಶಿರ್ತಾಡಿಗೆ ಫೋನು ಮಾಡಿ, ಅಲ್ಲಿ ಏನೇನು ಮಾಡುತ್ತಿದ್ದರೆಂದು ಬೀಗಿತ್ತಿಯನ್ನು ಕೇಳಿದರು. ಸೌತೆ, ಸೋರೆ, ಹೀರೆ, ಬಾಳೆದಿಂಡು ಬಂದವು. ಕಾಳಿನ ಡಬ್ಬಗಳು ಅಟ್ಟ ಏರಿದವು. ಅರಿಹಂತ್ ಮುಖ ಸಿಂಡರಿಸಿಕೊಂಡು ತಿಂದ. ಪ್ರತಿದಿನ ಬೆಳಿಗ್ಗೆ ಮನೋರಮಾ ಏನೋ ನೆಪ ಮಾಡಿಕೊಂಡು ಸೊಸೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಒಮ್ಮೆ ಜಡೆ ಸರಿಮಾಡಲು, ಒಮ್ಮೆ ಸೆರಗಿನ ಪಿನ್ನು ನೋಡಲು. ವಾರ ಕಳೆಯುವಷ್ಟರಲ್ಲಿ ವಾಸನೆ ಹೋಗಿತ್ತು, ಅವರ ಮುಖ ಗಂಭೀರವಾಯಿತು.

ಒಂದು ದಿನ ಅಟ್ಟದಿಂದ ಡಬ್ಬ ಇಳಿಸಿ ಕಡಲೆ ನೆನೆಹಾಕಿದರು. ಮಾರನೆಯ ಮಧ್ಯಾಹ್ನ ಗಸಿ ಮಾಡಿ ಸೊಸೆಗೆ ಎರಡು ಸಲ ಬಡಿಸಿದರು. ಅದರ ಮರುದಿನ ಬೆಳಿಗ್ಗೆ ಅವಳ ಹತ್ತಿರ ಬಂದು ನಿಂತರು, ದೂರ ಹೋದರು, ಮತ್ತೆ ಬಂದರು.

"ಉಂಟಾ ಅತ್ತೆ?" ಸಾಧನಾ ಕೇಳಿದಳು. ಅವಳಿಗೂ ತಿಳಿಯಬೇಕಿತ್ತು.

"ಉಂಟು," ಎಂದರು ಮನೋರಮಾ. ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ನಾನೇ ಬಡಿಸಿ, ನಾನೇ ನಿನ್ನನ್ನು ಬಸದಿಗೆ ಬರದ ಹಾಗೆ ಮಾಡಿದೆನಲ್ಲ."

"ನಿಮಗೆ ಗೊತ್ತಿರಲಿಲ್ಲ ಅತ್ತೆ. ನನಗೇ ಗೊತ್ತಿರಲಿಲ್ಲ."

"ಕೇಳಿದ್ದೂ ಸರಿಯಾಗಿ ಕೇಳಲಿಲ್ಲ ನಾನು." ಅವರು ತಲೆಯೆತ್ತಿದರು. "ಇದೇ ಗಸಿ ನಾನೂ ತಿಂದೆ. ಅರಿಹಂತ್‌ನೂ ತಿಂದ. ನಮಗೆ ಏನೂ ಇಲ್ಲ."

"ನಿಮ್ಮ ಲಿವರ್ ಅದನ್ನು ಸರಿಮಾಡ್ತದೆ. ನನ್ನದಕ್ಕೆ ಬರುವುದಿಲ್ಲ. ನನ್ನದಕ್ಕೆ ಬರುವುದಿಲ್ಲ ಅಂತ ಶಿರ್ತಾಡಿಯಲ್ಲಿ ತಿಳಿಯಲೂ ಇಲ್ಲ, ಕಾಳೇ ಇರಲಿಲ್ಲವಲ್ಲ."

"ಅಂದ್ರೆ ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅಂತಾಯಿತು."

"ಹೌದು ಅತ್ತೆ. ಕಾಳೂ ಬೇಕು, ನನ್ನ ದೋಷವೂ ಬೇಕು."

ಸಾಧನಾಳ ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. ಅಪ್ಪನಲ್ಲೂ ಅಮ್ಮನಲ್ಲೂ ಒಂದೇ ದೋಷ ಹೇಗೆ ಬಂತು? ಅದಕ್ಕೆ ಅರ್ಧ ಉತ್ತರ ಅವಳಿಗೇ ಗೊತ್ತಿತ್ತು. ಅಪ್ಪ ಮದುವೆಯಾದದ್ದು ಸ್ವಂತ ಸೋದರಮಾವನ ಮಗಳನ್ನು. ಇಬ್ಬರದೂ ಒಂದೇ ಬಳ್ಳಿ. ಉಳಿದರ್ಧಕ್ಕೆ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ನಮ್ಮ ಕುಟುಂಬದಲ್ಲಿ ಮೊದಲು ಯಾರಿಗಾದ್ರೂ ಹೀಗೆ ಇತ್ತಾ?"

ಶಾಂತಿಪ್ರಸಾದರು ಹೇಳಿದರು: "ಕಕ್ಕಿಂಜೆಯಲ್ಲಿ ನನ್ನ ಅಮ್ಮನ ತಂಗಿ ಒಬ್ಬರಿದ್ದಾರೆ. ಚಂದ್ರಮತಿ ಅಂತ. ನಿನ್ನ ಅಮ್ಮನಿಗೆ ಅವರು ಸೋದರತ್ತೆ ಆಗಬೇಕು. ನೀನು ನೋಡಿಲ್ಲ. ಅವರು ಯಾರ ಮದುವೆಗೂ ಬಂದವರಲ್ಲ."

"ಯಾಕೆ?"

"ಯಾಕೆ ಅಂತ ನೀನೇ ಈಗ ಹೇಳಿದೆಯಲ್ಲ ಮಗಾ."

ಹಸ್ನಾಳ ಕಾರಿನಲ್ಲಿ ಕಕ್ಕಿಂಜೆಗೆ ಹೋಗುವುದೆಂದಾಯಿತು. ಹೊರಡುವ ಹೊತ್ತಿಗೆ ಮನೋರಮಾ ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. "ನಾನೂ ಬರ್ತೇನೆ. ಹೋಗುವ," ಎಂದಷ್ಟೇ ಹೇಳಿದರು. ಉಜಿರೆ ದಾಟಿ ಕಾರು ಚಾರ್ಮಾಡಿಯ ದಾರಿ ಹಿಡಿಯಿತು.

ಚಂದ್ರಮತಿ ಅವರು ತಂಗಿಯ ಮಗಳ ಮನೆಯಲ್ಲಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಚುರುಕಾದ ಕಣ್ಣು. ಜಗಲಿಯಲ್ಲಿ ಎಲ್ಲರೂ ಕುಳಿತಾಗ ಅವರು ಮಾತ್ರ ಅಂಗಳದ ಗಿಡಗಳ ಕಡೆ ಒಮ್ಮೆ ನೋಡಿ, ಎಲೆ ಎತ್ತ ಅಲುಗುತ್ತದೆಂದು ತಿಳಿದುಕೊಂಡು, ತಮ್ಮ ಮೇಲಿಂದ ಹಾದ ಗಾಳಿ ಬೇರೆಯವರ ಕಡೆ ಬಾರದ ಮೂಲೆಗೆ ಹೋಗಿ ಕುಳಿತರು. ಯೋಚಿಸಿ ಮಾಡಿದ್ದಲ್ಲ, ಕಾಲು ತಾನಾಗಿ ಹೋದಂತಿತ್ತು. ಸಾಧನಾಳಿಗೆ ಅದು ಅರ್ಥವಾಯಿತು. ಅವಳು ಎದ್ದು ಹೋಗಿ ಅವರ ಪಕ್ಕದಲ್ಲೇ ಕುಳಿತಳು.

"ಇಲ್ಲಿ ಬೇಡ ಮಗಳೇ, ಆಚೆ ಕೂತ್ಕೋ."

"ಇರಲಿ ಅಜ್ಜಿ. ನನಗೂ ಉಂಟು."

"ಎಂತ ಉಂಟು?"

"ನಿಮಗೆ ಇರುವಂಥದ್ದೇ. ವಾಸನೆ."

ಅಜ್ಜಿ ಅವಳನ್ನು ನೋಡಿದರು. ಬಾಗಿ ಅವಳ ಭುಜದ ಹತ್ತಿರ ಮೂಸಿದರು. "ಸುಳ್ಳು. ಏನೂ ಇಲ್ಲ."

"ಈಗ ಇಲ್ಲ. ಇತ್ತು."

ಆಮೇಲೆ ಸಾಧನಾ ಎಲ್ಲವನ್ನೂ ಹೇಳಿದಳು. ಅವಳು ತಡವರಿಸಿದಲ್ಲಿ ಹಸ್ನಾ ಸೇರಿಸಿದಳು. ಅಜ್ಜಿ ತಮ್ಮ ಕಥೆಯನ್ನೂ ಹೇಳಿದರು. ಶಾಲೆಯಲ್ಲಿ ಬೇರೆ ಮಣೆ. ನಿಶ್ಚಯವಾದ ಮದುವೆ ಮುರಿದದ್ದು. ಬಸದಿಗೆ ಹೋದರೆ ಎಲ್ಲರೂ ಹೊರಬಂದ ಮೇಲೆ ಒಳಗೆ ಹೋಗುವುದು. ಯಾರೋ ಒಬ್ಬರು, ಇವಳು ಹಿಂದಿನ ಜನ್ಮದಲ್ಲಿ ಬಲೆ ಬೀಸಿದವಳು ಎಂದಿದ್ದರಂತೆ. ಹೇಳುವಾಗ ಅಜ್ಜಿ ಅಳಲಿಲ್ಲ. ಅತ್ತವರು ಮನೋರಮಾ.

"ಹಾಗಾದ್ರೆ ಇದು ಕರ್ಮ ಅಲ್ಲವಾ?" ಅಜ್ಜಿ ಕೇಳಿದರು.

ಸಾಧನಾ ಅವರ ಕಡೆ ತಿರುಗಿದಳು. "ಕರ್ಮದ ವಿಷಯ ನನಗೆ ಗೊತ್ತಿಲ್ಲ ಅಜ್ಜಿ. ಇದು ಮಾತ್ರ ನಿಮ್ಮ ಅಪ್ಪ-ಅಮ್ಮನಿಂದ ಬಂದದ್ದು. ಅವರಿಗೂ ಗೊತ್ತಿರಲಿಲ್ಲ. ಯಾರೂ ಬೇಕೂಂತ ಕೊಟ್ಟದ್ದಲ್ಲ."

"ಮತ್ತೆ ಆ ಜೀವಿಗಳು? ನನ್ನ ಹೊಟ್ಟೆಯೊಳಗೆ ಅಷ್ಟೊಂದು ಉಂಟಾ?"

"ಲೆಕ್ಕ ಇಲ್ಲದಷ್ಟು," ಎಂದಳು ಹಸ್ನಾ.

ಅಜ್ಜಿಯ ಕಣ್ಣು ಅರಳಿತು. "ಗಡ್ಡೆಯಲ್ಲಿ ಅನಂತ ಜೀವ ಉಂಟು ಅಂತ ನಾವು ಗಡ್ಡೆ ತಿನ್ನುವುದಿಲ್ಲ. ನೋಡಿದ್ರೆ ನಾನೇ ಒಂದು ಗಡ್ಡೆ!" ಎಂದು ನಕ್ಕರು. ಅವರು ನಗುವುದನ್ನು ಕಂಡು ಒಳಗಿದ್ದ ತಂಗಿಯ ಮಗಳು ಬಾಗಿಲಿಗೆ ಬಂದು ನಿಂತಳು.

"ಅವುಗಳನ್ನು ಸ್ವಲ್ಪ ಕಡಿಮೆ ಮಾಡುವ ಮಾತ್ರೆ ಉಂಟು ಅಜ್ಜಿ. ಡಾಕ್ಟರು ಬೇಕು ಅಂದ್ರೆ ಸ್ವಲ್ಪ ದಿನಕ್ಕೆ ಕೊಡ್ತಾರೆ."

"ಬೇಡ, ಬೇಡ. ಅವನ್ನು ಯಾಕೆ ಕೊಲ್ಲುವುದು? ಅವು ಎಂತ ಮಾಡಿದವು? ಹಾಕಿದ್ದನ್ನು ತಿಂದವು. ಹಾಕದಿದ್ರೆ ಆಯಿತಲ್ಲ." ಅಜ್ಜಿ ತಂಗಿಯ ಮಗಳ ಕಡೆ ತಿರುಗಿದರು. "ನಾಳೆಯಿಂದ ನನಗೆ ಹುರುಳಿ ಸಾರು ಬೇಡ. ತಂಪು ಅಂತ ಹೆಸರುಕಾಳು, ಗಟ್ಟಿ ಅಂತ ಹುರುಳಿ, ಆಯುಷ್ಯ ಇಡೀ ತಿಂದೆ ನಾನು."

ಹಸ್ನಾ ಅವರ ರಕ್ತ ತೆಗೆಯಲು ಅನುಮತಿ ಕೇಳಿದಳು. ಅಜ್ಜಿ ತೋಳು ಚಾಚಿದರು. ಕೊಳವೆಯೊಳಗೆ ರಕ್ತ ಏರುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

ಫಲಿತಾಂಶ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಾಧನಾಳಲ್ಲಿದ್ದ ದೋಷವೇ, ಎರಡು ಪ್ರತಿಗಳಲ್ಲೂ. ಡಾಕ್ಟರು ಇಬ್ಬರಿಗೂ ಏನು ತಿನ್ನಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂದು ಹೇಳಿದರು. ಕಾಳು ಪೂರ್ತಿ ಬಿಟ್ಟರೆ ಮೈಗೆ ಬೇಕಾದ್ದು ಸಾಲದು, ಆದ್ದರಿಂದ ಅಷ್ಟಿಷ್ಟು ತೊಗರಿಬೇಳೆ ಇರಲಿ ಎಂದರು. ಆ ವಾಸನೆಯನ್ನು ತೊಳೆಯುವ, ತುಸು ಆಮ್ಲದ ಗುಣವಿರುವ ಸಾಬೂನು ಕೊಟ್ಟರು. ವಾಸನೆ ಸಂಪೂರ್ಣ ಹೋಗಲಿಲ್ಲ. ಸಾಧನಾಳಿಗೆ ತಿಂಗಳ ಕೆಲವು ದಿನಗಳಲ್ಲಿ, ತುಂಬ ಬೆವರಿದಾಗ, ಅದು ಮತ್ತೆ ಬರುತ್ತಿತ್ತು. ಆದರೆ ಅವಳು ಸ್ಟಾಫ್‌ರೂಮಿನಲ್ಲಿ ವಿಷಯವನ್ನು ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಹೇಳುವವರೆಗೆ ಭಯವಿತ್ತು, ಹೇಳಿದ ಮೇಲೆ ಇರಲಿಲ್ಲ. ವಿಜ್ಞಾನದ ಮೇಷ್ಟರು ಒಂದು ಪೀರಿಯಡ್ ಪೂರ್ತಿ ಅವಳನ್ನು ಪ್ರಶ್ನೆ ಕೇಳಿದರು.

ಬೇಸಿಗೆಯಲ್ಲಿ ಮನೋರಮಾ ತಾವೇ ಕಕ್ಕಿಂಜೆಗೆ ಹೋಗಿ ಚಂದ್ರಮತಿ ಅಜ್ಜಿಯನ್ನು ಬೆಳ್ತಂಗಡಿಗೆ ಕರೆತಂದರು. ತಂಗಿಯ ಮಗಳ ಮನೆ ಬಿಟ್ಟರೆ ಬೇರೆ ನೆಂಟರ ಮನೆಯಲ್ಲಿ ಉಳಿಯುವುದು ಅಜ್ಜಿಗೆ ಅದೇ ಮೊದಲು. ಮೊದಲ ಬೆಳಿಗ್ಗೆ ಬಸದಿಯಲ್ಲಿ ಅವರು ಬಾಗಿಲ ಹೊರಗೇ ನಿಂತುಬಿಟ್ಟರು. ಮನೋರಮಾ ಕೈಹಿಡಿದು ಒಳಗೆ ಕರೆದೊಯ್ದು, ತಮ್ಮ ಮತ್ತು ಸಾಧನಾಳ ನಡುವೆ ಕೂರಿಸಿಕೊಂಡರು. ಅಭಿಷೇಕ ಮುಗಿಯುವವರೆಗೆ ಅಜ್ಜಿ ಆ ಕೈ ಬಿಡಲಿಲ್ಲ.

ಅಲ್ಲಿದ್ದಷ್ಟು ದಿನ ಅಜ್ಜಿ ಸುಮ್ಮನಿರಲಿಲ್ಲ. ಸಂಜೆಯಾದರೆ ಹಸ್ನಾಳಿಗೆ ಫೋನು ಮಾಡಿಸುವರು.

"ಹಸ್ನಾ ಮಗಳೇ, ಹಾಗಲಕಾಯಿ ತಿಂದ್ರೆ ಆ ಜೀವಿಗಳು ಎಂತ ಮಾಡ್ತವೆ?"

"ಅದೊಂದು ಸ್ವಲ್ಪ ಗೊತ್ತುಂಟು ಅಜ್ಜಿ, ಹೇಳ್ತೇನೆ."

"ನಾನು ಉಪವಾಸ ಮಾಡಿದ್ರೆ ಅವಕ್ಕೂ ಉಪವಾಸವಾ?"

"ಕೆಲವಕ್ಕೆ ಹೌದು. ಕೆಲವು ಕರುಳಿನ ಲೋಳೆಯನ್ನೇ ತಿಂದು ಬದುಕ್ತವೆ."

"ಈ ಹುಡುಗಿಗೆ ನಾಳೆ ಮಗುವಾದ್ರೆ, ಅದರ ಹೊಟ್ಟೆಗೆ ಇವಳ ಜೀವಿಗಳು ಬರ್ತವಾ, ಇಲ್ಲಾ ಅದಕ್ಕೆ ಬೇರೆಯದ್ದೇ ಬರ್ತವಾ?"

"ಸ್ವಲ್ಪ ಇವಳದ್ದು ಬರ್ತದೆ. ಉಳಿದದ್ದು ಮನೆಯವರಿಂದ, ಊಟದಿಂದ, ಮಣ್ಣಿನಿಂದ. ಯಾವುದು ನೆಲೆ ನಿಲ್ತದೆ, ಯಾವುದು ಹೋಗ್ತದೆ, ಯಾಕೆ ಹಾಗೆ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲವಾ?" ಅಜ್ಜಿಯ ದನಿಯಲ್ಲಿ ಬೇಸರವಿರಲಿಲ್ಲ, ಏನೋ ಒಂದು ಖುಷಿಯಿತ್ತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಕುರ್ಚಿಯಲ್ಲಿ ಸರಿಯಾಗಿ ಕುಳಿತರು. "ಹಾಗಾದ್ರೆ ನೀವು ಅದನ್ನು ಹೇಗೆ ಹುಡುಕುವುದು? ಮೊದಲಿಂದ ಹೇಳು, ಕೇಳುವ."